ಕಾರ್ನ್‌ವಾಲಿನಲ್ಲಿ ಕೇಳಿದ ಎರಡನೇ ಮಾತು

ಬಂಗಾರಪೇಟೆ ಸ್ಟೇಷನ್

ಇಂಗ್ಲೆಂಡಿಗೆ ಹೊರಟವರನ್ನು ವಿಮಾನ ನಿಲ್ದಾಣದಲ್ಲಿ ಹಾರ ಹಾಕಿ ಕಳಿಸುವ ಕಾಲ ಅದು. ನನ್ನನ್ನು ಕಳಿಸಿದ್ದು ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನಲ್ಲಿ, ಹಾರದ ಬದಲು ಹುರಿಹಿಟ್ಟಿನ ಡಬ್ಬ ಕೊಟ್ಟು. ಅಕ್ಕ ನಾರಾಯಣಮ್ಮ ಆ ಡಬ್ಬವನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ತುಂಡು ಸುತ್ತಿ ತಂದಿದ್ದಳು.

"ಆ ದೇಸ್ದಾಗೆ ರಾಗಿ ಸಿಕ್ತದೇನೆ ಸರೋಜಿ?"

"ಇಲ್ಲಕ್ಕ."

"ಮತ್ತೆ ಅವ್ರು ಎಂಗ್ ಬದುಕವ್ರೆ?"

ಪಕ್ಕದಲ್ಲಿ ಭಾವ ಮುನಿವೆಂಕಟಪ್ಪ ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ನಕ್ಕಿದ್ದನ್ನು ಅವತ್ತು ನೋಡಿದೆ. ಭಾವ ಆಗ ಜಾಮೀನಿನ ಮೇಲೆ ಹೊರಗಿದ್ದರು. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ, ರಾಗಿ ಹೊಲದ ಬದುವಿನ ಮೇಲೆ, ನೀರಿನ ಕಾಲುವೆಯ ವಿಷಯಕ್ಕೆ ಅವರಿಗೂ ಪಕ್ಕದ ಹೊಲದ ಚಂಗಪ್ಪನಿಗೂ ಮಾತು ಬೆಳೆದು, ಭಾವ ಗುದ್ದಲಿಯ ಕಾವಿನಿಂದ ಒಂದೇ ಒಂದು ಏಟು ಹಾಕಿದ್ದರು. ಚಂಗಪ್ಪ ಮೂರನೇ ದಿನ ತೀರಿಕೊಂಡ. ಕೊಲ್ಲುವ ಉದ್ದೇಶವಿಲ್ಲದ ಸಾವು ಅಂತ ಕೇಸು ನಡೆದು, ವಾದಗಳೆಲ್ಲ ಮುಗಿದು, ನಾನು ಊರಲ್ಲಿಲ್ಲದಾಗಲೇ ಸೆಷನ್ಸ್ ಕೋರ್ಟಿನ ತೀರ್ಪು ಬರುವುದಿತ್ತು.

ಇದನ್ನು ಹೇಳುವಾಗ ನನ್ನ ಕಸುಬನ್ನೂ ಹೇಳಬೇಕು. ನಾನು ಬೆಂಗಳೂರಿನ ಕಾನೂನು ಕಾಲೇಜೊಂದರಲ್ಲಿ ಪ್ರೊಫೆಸರ್. ನನ್ನ ಅಧ್ಯಯನವೆಲ್ಲ ಶಿಕ್ಷೆಯದು. ಅಪರಾಧ ಸಾಬೀತಾದ ಮೇಲೆ, ಕಾನೂನು ಇಷ್ಟು ವರ್ಷದವರೆಗೆ ಕೊಡಬಹುದು ಎಂದು ಮೇಲಿನ ಗೆರೆಯೊಂದನ್ನು ಎಳೆದು ಕೈಬಿಟ್ಟಾಗ, ಅದರ ಕೆಳಗಿನ ಅಷ್ಟೂ ಜಾಗದಲ್ಲಿ ನ್ಯಾಯಾಧೀಶರು ಎಲ್ಲಿ ನಿಲ್ಲುತ್ತಾರೆ, ಯಾಕೆ ಅಲ್ಲೇ ನಿಲ್ಲುತ್ತಾರೆ ಅನ್ನುವುದು. ಒಂದೇ ಕಟ್ಟಡದ ಎರಡು ಕೋಣೆಗಳಲ್ಲಿ, ಒಂದೇ ತರಹದ ಕಳ್ಳತನಕ್ಕೆ ಒಬ್ಬ ಮನೆಗೆ ಹೋದದ್ದನ್ನೂ ಇನ್ನೊಬ್ಬ ಜೈಲಿಗೆ ಹೋದದ್ದನ್ನೂ ಕೂತು ನೋಡಿದವಳು ನಾನು. ಸಹೋದ್ಯೋಗಿಗಳು ನನ್ನನ್ನು 'ಶಿಕ್ಷೆ ಮೇಡಂ' ಎನ್ನುತ್ತಾರೆ. ವಿದ್ಯಾರ್ಥಿಗಳೂ ಅನ್ನುತ್ತಾರೆ, ಆದರೆ ಅವರ ಅರ್ಥ ಬೇರೆ.

ರೈಲು ಬರುವ ಮುಂಚೆ ಭಾವನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಕೊನೆಯ ಸಲ ಪಾಠ ಹೇಳಿದೆ.

"ಭಾವ, ತಪ್ಪಿತಸ್ಥ ಅಂತ ಹೇಳಿದ ಮೇಲೆ ಜಡ್ಜು ನಿಮ್ಮನ್ನೇ ಕೇಳ್ತಾರೆ, ಶಿಕ್ಷೆ ಬಗ್ಗೆ ಏನು ಹೇಳ್ತೀಯಾ ಅಂತ. ಕಾನೂನೇ ಹಾಗಿದೆ. ಆಗ ಬಾಯಿಬಿಟ್ಟು ಹೇಳಬೇಕು. ಚಂಗಪ್ಪನ್ನ ನೀವೇ ಹೆಗಲ ಮೇಲೆ ಹೊತ್ಕೊಂಡು ಆಂಡರ್ಸನ್‌ಪೇಟೆವರೆಗೂ ಹೋಗಿದ್ದು, ಆಸ್ಪತ್ರೆ ಬಾಗಿಲಲ್ಲಿ ಮೂರು ದಿನ ಕೂತಿದ್ದು, ಎಲ್ಲಾ."

"ಆಗ್ಲಮ್ಮ."

"ಬರೀ ಆಗ್ಲಿ ಅನ್ಬೇಡಿ."

"ಪರ್ವಾಲೇದು ಬಿಡು ಸರೋಜಮ್ಮ. ನೀನು ಉಷಾರಾಗಿ ಓಗ್ ಬಾ."

ಭಾವನ 'ಪರ್ವಾಲೇದು'ವಿಗೆ ನಮ್ಮ ಕಡೆ ಮದ್ದಿಲ್ಲ. ಗಡಿಯಾಚೆಯಿಂದ ಬಂದ ತೆಲುಗಿನ ಮಾತು, ನಮ್ಮ 'ಪರವಾಗಿಲ್ಲ'. ಯಾರಾದರೂ ಅದನ್ನು ಹೇಳಿದರು ಅಂದರೆ ವಿಷಯ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ.

ಲಂಡನ್

ಲಂಡನ್ನಿನ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ, ಸೇತುವೆ ಗಡಿಯಾರಗಳನ್ನೆಲ್ಲ ಅವರಿಗೇ ಬಿಡುತ್ತೇನೆ. ನನಗೆ ಸಿಕ್ಕಿದ್ದು ಒಂದು ಸಭಾಂಗಣ, ಅದರ ತುಂಬ ನನ್ನಂಥವರೇ. ಶಿಕ್ಷೆಯ ವ್ಯತ್ಯಾಸವನ್ನು ಹೇಗೆ ಕಡಿಮೆ ಮಾಡುವುದು ಎಂಬುದರ ಮೇಲೆ ಮಾತು. ಒಬ್ಬರು ಗೋಡೆಯ ಮೇಲೆ ದೊಡ್ಡ ಕೋಷ್ಟಕ ಬಿಡಿಸಿದರು. ಎಡಗಡೆ ಅಪರಾಧ, ಮೇಲ್ಗಡೆ ಹಳೆಯ ದಾಖಲೆ, ಎರಡೂ ಕೂಡುವ ಮನೆಯಲ್ಲಿ ಶಿಕ್ಷೆ. ಚಿಕ್ಕಂದಿನ ಮಗ್ಗಿ ಪುಸ್ತಕ ನೆನಪಾಯಿತು. ಆ ಮನೆಗಳಲ್ಲಿ ಭಾವನನ್ನು ಎಲ್ಲಿ ಕೂರಿಸುವುದು ಎಂದು ಹುಡುಕುತ್ತ ನಾನು ಉಳಿದ ಭಾಷಣ ಕೇಳಲೇ ಇಲ್ಲ.

ಚಹದ ಹೊತ್ತಿನಲ್ಲಿ ಒಬ್ಬ ವಯಸ್ಸಾದ ನ್ಯಾಯಾಧೀಶರು ಪರಿಚಯವಾದರು. ಕಾರ್ನ್‌ವಾಲ್ ಕಡೆಯ ಕೋರ್ಟಿನವರು. ನಾನು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಓದಿದವಳು ಎಂದಾಗ ಅವರ ಹುಬ್ಬು ಮೇಲೆ ಹೋಯಿತು. "ನಮ್ಮ ಕೌಂಟಿಯ ಅರ್ಧ ಜನ ಅಲ್ಲಿಗೆ ಬಂದಿದ್ದರಲ್ಲ!" ಎಂದರು. ಬಂದಿದ್ದರು, ನಿಜ. ನಮ್ಮ ಶಾಲೆಯ ಹಿಂದಿನ ಬಂಗಲೆಗಳಲ್ಲಿ ಇದ್ದವರೆಲ್ಲ ಅವರೇ. ಬಂದು ನಮ್ಮ ಕೋರ್ಟು ನೋಡಿ ಎಂದು ಕರೆದರು. ನಾನು ಬಿಂಕ ಮಾಡದೆ ಒಪ್ಪಿಕೊಂಡೆ.

ರೈಲು ಎರಡಾದ ಊರು

ಬಂಗಾರಪೇಟೆಯವರಿಗೆ ಡಬ್ಬಿ ಕಳಚುವ ರೈಲಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದಿಷ್ಟು ಡಬ್ಬಿ ಗಣಿಯ ಕಡೆ, ಉಳಿದದ್ದು ಮದರಾಸಿನ ಕಡೆ. ನಿದ್ದೆ ಮಾಡಿದವನ ಗತಿ ದೇವರೇ ಕಾಯಬೇಕು. ಅದನ್ನು ನೋಡುತ್ತ ಬೆಳೆದ ನಾನು ಕಾರ್ನ್‌ವಾಲಿನ ರೈಲಿನಲ್ಲಿ ನಿದ್ದೆ ಮಾಡಿ, ತಪ್ಪು ತುಂಡಿನಲ್ಲಿ ಕೂತು, ಹೆಸರು ಗೊತ್ತಿಲ್ಲದ ಸಮುದ್ರದ ದಂಡೆಯಲ್ಲಿ ಇಳಿದೆ. ಸ್ಟೇಷನ್ನಿನಲ್ಲಿದ್ದವರು ಇಬ್ಬರೇ, ನಾನು ಮತ್ತು ಒಂದು ನಾಯಿ.

ಅಲ್ಲಿ ಗಂಟೆಗಟ್ಟಲೆ ಕೂತೆ. ಗಾಳಿ ಕೊರೆಯುತ್ತಿತ್ತು. ಡಬ್ಬ ಬಿಚ್ಚಿ ಹುರಿಹಿಟ್ಟು ಬಾಯಿಗೆ ಹಾಕಿಕೊಂಡಾಗ ಅಕ್ಕನ ಪ್ರಶ್ನೆ ನೆನಪಾಯಿತು. ಇವರು ಹೇಗೆ ಬದುಕುತ್ತಾರೋ ಗೊತ್ತಿಲ್ಲ. ನಾವು ಹೇಗೆ ಬದುಕುತ್ತೇವೆ ಅನ್ನುವುದೇ ಆಗ ದೊಡ್ಡ ಪ್ರಶ್ನೆಯಾಗಿತ್ತು.

ಮಿಸೆಸ್ ಪಾಸ್ಕೋ ಮನೆ

ಕೊನೆಗೂ ಸರಿಯಾದ ಊರು ಸೇರಿದೆ. ನಾನು ಉಳಿದುಕೊಂಡ ಮನೆಯೊಡತಿ ಮಿಸೆಸ್ ಪಾಸ್ಕೋ, ಗಂಡನನ್ನು ಕಳೆದುಕೊಂಡ ಎಪ್ಪತ್ತರ ಮುದುಕಿ. ಅವರ ಅಪ್ಪ ನಮ್ಮ ಗಣಿಯಲ್ಲಿ ಕೆಲಸಕ್ಕಿದ್ದವರಂತೆ. ಎಂಟು ವರ್ಷದವರೆಗೆ ಆಕೆ ಬೆಳೆದದ್ದೂ ಅಲ್ಲೇ. ನನ್ನನ್ನು ಬಾಗಿಲಲ್ಲಿ ಕಂಡವರೇ "ಸೀಕ್ರಂ ವಾ, ಸೀಕ್ರಂ ವಾ!" ಎಂದರು, ಬೇಗ ಬಾ ಅಂತ. ಐದು ಸಾವಿರ ಮೈಲಿ ದಾಟಿ ಬಂದು ಕೇಳಿದ ಮೊದಲ ಆದರದ ಮಾತು ಕೆಜಿಎಫ್ ತಮಿಳು!

ಮನೆಯಲ್ಲಿ ಒಂದು ಬೆಕ್ಕಿತ್ತು, ಅಪ್ಪಾಸಾಮಿ ಎಂದು ಹೆಸರು. ಯಾರ ಹೆಸರು ಎಂದು ಕೇಳಿದೆ. ನಮ್ಮ ಬಂಗಲೆಯ ಅಡುಗೆಯವನದು, ತುಂಬ ಪ್ರೀತಿಯ ಮನುಷ್ಯ ಎಂದರು. ಅಲ್ಲಿದ್ದಷ್ಟು ದಿನವೂ ನಾನು ಆ ಬೆಕ್ಕನ್ನು ಬಹುವಚನದಲ್ಲೇ ಮಾತಾಡಿಸಿದೆ.

ಮೊದಲ ರಾತ್ರಿಯ ಊಟಕ್ಕೆ ಥೇಟ್ ನಮ್ಮ ಕರಿಗಡುಬಿನ ಆಕಾರದ್ದು ಬಂತು, ಅಂಗೈಗಿಂತ ದೊಡ್ಡದು. ಹೂರಣದ ಆಸೆಯಿಂದ ಕಚ್ಚಿದರೆ ಒಳಗೆ ಮಾಂಸ, ಆಲೂಗಡ್ಡೆ, ಮೆಣಸು. ಗಣಿಗಿಳಿಯುವವರು ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿಯಂತೆ ಅದು. ನನ್ನ ಮುಖ ನೋಡಿ ಮುದುಕಿ ಗಾಬರಿಯಾದರು. ಸಿಹಿ ಇರುತ್ತದೆ ಅಂದುಕೊಂಡಿದ್ದೆ ಎಂದೆ. "ಈ ಊರಿನಲ್ಲಿ ಈಗ ಯಾವುದೂ ಸಿಹಿಯಿಲ್ಲ ಮಗಳೇ, ತವರದ ಗಣಿ ಮುಚ್ಚುತ್ತಿದೆ" ಎಂದರು.

ಬೆಳಿಗ್ಗೆ ಕಿಟಕಿ ತೆಗೆದರೆ ದೂರದಲ್ಲಿ ಬಿಳಿಯ ಮಣ್ಣಿನ ಗುಡ್ಡಗಳು. ಜೇಡಿಮಣ್ಣು ತೆಗೆದು ಸುರಿದ ರಾಶಿಗಳಂತೆ. ನಮ್ಮಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳನ್ನು ಯಾರೋ ತೊಳೆದು ಇಟ್ಟ ಹಾಗಿದ್ದವು. ಊರಲ್ಲಿ ಕೆಲಸವಿಲ್ಲದ ಗಂಡಸರು ಗೋಡೆಗೆ ಒರಗಿ ನಿಲ್ಲುವ ರೀತಿಯೂ ಅದೇ. ನಮ್ಮ ಗಣಿಯೂ ಆಗ ಒಂದೊಂದೇ ಉಸಿರು ಬಿಡುತ್ತಿದ್ದ ಕಾಲ. ಮನಸ್ಸಿಗೆ ಬಹಳ ಸಂಕಟವಾಯಿತು.

ಮಂಗಳವಾರದ ಕೋರ್ಟು

ಮಂಗಳವಾರ ನನ್ನ ನ್ಯಾಯಾಧೀಶರ ಮುಂದೆ ಬಂದವನು ಅಂಥ ಗೋಡೆಗೊರಗುವ ಗಂಡಸರಲ್ಲೊಬ್ಬ, ಕೆಲಸ ಕಳೆದುಕೊಂಡ ಗಣಿಗಾರ. ಕುಡಿದು, ಹಳೆಯ ಸ್ನೇಹಿತನ ದವಡೆ ಮುರಿದಿದ್ದ. ತಪ್ಪನ್ನು ಒಪ್ಪಿಕೊಂಡೂ ಇದ್ದ. ಕೋರ್ಟಿನವರೇ ನೇಮಿಸಿದ ಒಬ್ಬ ಹೆಂಗಸು ಅವನ ಮನೆಗೆ ಹೋಗಿ, ಹೆಂಡತಿಯನ್ನು, ಹಳೆಯ ಮೇಸ್ತ್ರಿಯನ್ನು ಮಾತಾಡಿಸಿ ವರದಿ ತಂದಿದ್ದಳು. ನಮ್ಮಲ್ಲಿ ಅದೇ ಜಾಗದಲ್ಲಿ ವಕೀಲರು "ಬಡವ, ಮಕ್ಕಳೊಂದಿಗ, ಮೊದಲ ತಪ್ಪು" ಎಂದು ಒಂದೇ ಉಸಿರಿನಲ್ಲಿ ಮುಗಿಸಿ ಕೂರುತ್ತಾರೆ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಆದರೂ ಅವತ್ತು ಮುದುಕ ನ್ಯಾಯಾಧೀಶರಿಗೆ ಏನೋ ಸಿಟ್ಟು. ಗಾಯಗೊಂಡವನ ಫೋಟೋ ನೋಡಿ ಮುಖ ಬಿಗಿದುಕೊಂಡಿತ್ತು. ಎರಡು ವರ್ಷ ಜೈಲು ಎಂದರು. ಆ ಗಣಿಗಾರ ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ. ಅವನ ಹೆಂಡತಿ ಕೈಚೀಲದ ಹಿಡಿಯನ್ನು ತಿರುಚುತ್ತ ಕೂತೇ ಇದ್ದಳು.

ಶುಕ್ರವಾರ

ಶುಕ್ರವಾರ ಬೆಳಿಗ್ಗೆ ಅದೇ ಗಣಿಗಾರನನ್ನು ಮತ್ತೆ ಕರೆತಂದು ನಿಲ್ಲಿಸಿದರು. ಯಾಕೆಂದು ಅವನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು, ಮಂಗಳವಾರ ನಾನು ಹೇಳಿದ್ದು ಬೇಕಾದದ್ದಕ್ಕಿಂತ ಹೆಚ್ಚಾಯಿತು, ಅದನ್ನು ಬದಲಿಸುತ್ತಿದ್ದೇನೆ ಎಂದರು. ಶಿಕ್ಷೆಯನ್ನು ಇಳಿಸಿ, ಅದನ್ನೂ ತಡೆಹಿಡಿದು ಅವನನ್ನು ಮನೆಗೆ ಕಳಿಸಿದರು. ಆಮೇಲೆ ಅವರನ್ನು ಕೇಳಿದೆ, ಹೀಗೆ ಮಾಡಬಹುದೇ ಎಂದು. "ಕೆಲವು ವಾರ ಕಾನೂನು ನನಗೆ ಅವಕಾಶ ಕೊಡುತ್ತದೆ. ಆಮೇಲೆ ನನ್ನ ಕೈಯಲ್ಲಿಲ್ಲ" ಎಂದರು.

ನಾನು ಬೆರಗಾಗಿ ಹೊರಗೆ ಬಂದೆ. ಅದು ನಮ್ಮೂರಿನ ಪಂಚಾಯ್ತಿ ಕಟ್ಟೆಯ ಪದ್ಧತಿ. ನಮ್ಮಪ್ಪ ಆ ಕಟ್ಟೆಯ ಹಿರಿಯರಲ್ಲೊಬ್ಬ, ಹಾಗಾಗಿ ಚೆನ್ನಾಗಿ ಬಲ್ಲೆ. ತಪ್ಪು ಮಾಡಿದವನು ಕಟ್ಟೆಯ ಮುಂದೆ ನಿಂತು "ತಮ್ಮ ಚಿತ್ತ" ಎನ್ನಬೇಕು. ಹಿರಿಯರು ಮೊದಲ ಮಾತು ಆಡುತ್ತಾರೆ, "ಮೂರು ವರ್ಷ ಊರಾಚೆ ಇರು" ಅಂತಲೋ ಏನೋ, ಕೇಳಿದವರ ಎದೆ ಒಡೆಯುವ ಹಾಗೆ. ಅದು ಕೋಪದ ಮಾತು. ಆಮೇಲೆ ಸುಮ್ಮನೆ ಕೂರುತ್ತಾರೆ. ಕೆಲವು ಸಲ ಒಂದು ದಿನ, ಕೆಲವು ಸಲ ಒಂದು ವಾರ. ಅಷ್ಟೂ ಹೊತ್ತು ತಪ್ಪು ಮಾಡಿದವನು ತುಟಿ ಬಿಚ್ಚಬಾರದು. ತಾನು ಮಾಡಿದ ಒಳ್ಳೆಯದನ್ನು ಹೇಳಿಕೊಂಡರೆ, ಎದುರಾಡಿದರೆ, ಮೊದಲ ಮಾತೇ ಗಟ್ಟಿಯಾಗಿಬಿಡುತ್ತದೆ. ಸುಮ್ಮನಿದ್ದವನಿಗೆ ಮೊದಲ ಮಾತು ಆಡಿದವರೇ ಎರಡನೇ ಮಾತು ಆಡುತ್ತಾರೆ, "ಈ ಬೇಸಿಗೆ ಕೆರೆ ತೂಬು ಕಾಯ್ಕೊಂಡಿರು, ಓಗು." ಅದೇ ನಿಜವಾದ ಶಿಕ್ಷೆ. ಆಗ ಅವನ ಮನೆಯ ಹೆಂಗಸು ಎರಡನೇ ಮಾತು ಆಡಿದವರ ಕೈಗೆ ಎಲೆ ಅಡಿಕೆ ಕೊಡಬೇಕು. ಕೊಟ್ಟರೆ ಒಪ್ಪಿಕೊಂಡ ಹಾಗೆ.

ಇದನ್ನೆಲ್ಲ ಮಿಸೆಸ್ ಪಾಸ್ಕೋಗೆ ಹೇಳಿ, ಹೇಳಿ, ಅವರ ಚಹ ಆರಿಹೋಯಿತು. ಎಷ್ಟು ವರ್ಷ ಓದಿದ್ದೆನೋ, ಅಷ್ಟೂ ವರ್ಷ ಕಾಣದ್ದು ಅವತ್ತು ಕಂಡಂತೆ ಸಂತೋಷಪಟ್ಟೆ. ಆ ಸಂತೋಷದಲ್ಲೇ ಮಧ್ಯಾಹ್ನ ನಾಗರಾಜನಿಗೆ ಫೋನ್ ಮಾಡಿದೆ. ನಾಗರಾಜ ನನ್ನ ಹಳೆಯ ವಿದ್ಯಾರ್ಥಿ, ಕೆಜಿಎಫ್‌ನಲ್ಲಿ ವಕೀಲ, ಭಾವನ ಕೇಸು ಅವನದೇ. ಲೈನು ಸಿಗುವುದಕ್ಕೆ ಬಹಳ ಹೊತ್ತಾಯಿತು.

"ಮೇಡಂ, ನಿನ್ನೆ ತೀರ್ಪಾಯ್ತು," ಎಂದ.

"ಎಷ್ಟು?"

"ಏಳು ವರ್ಷ, ಮೇಡಂ."

ನಾನು ಮೂರು ಅಂದುಕೊಂಡಿದ್ದೆ. ಎದೆಯಲ್ಲಿ ನಾಲ್ಕು ಎಂದೂ ಹೆದರಿದ್ದೆ.

"ಹೊತ್ಕೊಂಡು ಹೋಗಿದ್ದನ್ನ ನಾನು ಹೇಳ್ದೆ ಮೇಡಂ. ಜಡ್ಜು ಅವರನ್ನೇ ಕೇಳಿದ್ರು, ಹೌದೇನಪ್ಪ, ನೀನೇ ಹೊತ್ಕೊಂಡು ಹೋದೆಯಾ ಅಂತ. ಎರಡು ಸಲ ಕೇಳಿದ್ರು. ಇವರು ಕೈಮುಗಿದು 'ತಮ್ಮ ಚಿತ್ತ ಸ್ವಾಮಿ' ಅಂದ್ರು, ಅಷ್ಟೆ. ಬಾಯೇ ಬಿಡಲಿಲ್ಲ. ತೀರ್ಪಲ್ಲಿ ಪಶ್ಚಾತ್ತಾಪ ಕಾಣಲಿಲ್ಲ ಅಂತ ಬರ್ದಿದ್ದಾರೆ. ಆಮೇಲೂ ಕಟಕಟೆ ಬಿಟ್ಟು ಇಳೀಲಿಲ್ಲ ಮೇಡಂ. ಸುಮ್ನೆ ನಿಂತಿದ್ರು. ಪೊಲೀಸರು ತೋಳು ಹಿಡ್ಕೊಂಡು ಕರ್ಕೊಂಡು ಹೋಗ್ಬೇಕಾಯ್ತು."

ಯಾಕೆ ನಿಂತಿದ್ದರು ಅಂತ ನಾಗರಾಜನಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಮಿಸೆಸ್ ಪಾಸ್ಕೋ ನನ್ನ ಕೈಯಿಂದ ಫೋನು ತೆಗೆದು ಇಟ್ಟರು. ನಾನು ಅವರ ಅಡುಗೆಮನೆಯ ಕುರ್ಚಿಯಲ್ಲಿ ಕೂತು, ಮಕ್ಕಳ ಹಾಗೆ ದನಿ ತೆಗೆದು ಅತ್ತೆ. ಅಪ್ಪಾಸಾಮಿಯವರು ಬಂದು ಕಾಲಿಗೆ ಮೈ ಒರಸಿದರು.

ಬೆಂಗಳೂರು ಜೈಲು

ಉಳಿದ ದಿನಗಳನ್ನು ಬಿಟ್ಟು ಬಂದುಬಿಟ್ಟೆ. ಅಷ್ಟರಲ್ಲಿ ಹೊಸ ತಕರಾರು ಎದ್ದಿತ್ತು. ಹೈಕೋರ್ಟಿಗೆ ಮೇಲ್ಮನವಿ ಹಾಕಬೇಕು, ಗಡುವು ಹತ್ತಿರವಾಗುತ್ತಿದೆ. ಭಾವ ವಕಾಲತ್ತಿಗೆ ಹೆಬ್ಬೆಟ್ಟು ಒತ್ತುತ್ತಿಲ್ಲ. ನಾಗರಾಜ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದ.

ಜಾಲರಿಯ ಆಚೆ ಭಾವ ಬಂದು ನಿಂತರು. ಬಿಳಿ ಅಂಗಿ ದೊಗಳೆಯಾಗಿತ್ತು. ನನ್ನನ್ನು ನೋಡಿ ಮುಖ ಅರಳಿತು.

"ಬಂದಾ ಸರೋಜಮ್ಮ. ಎಂಗೈತೆ ಆ ದೇಸ?"

"ಚೆನ್ನಾಗಿದೆ ಭಾವ."

"ಅಲ್ಲೂ ನಿನ್ ಕೋರ್ಟೇ ನೋಡಿದ್ಯಾ, ಇಲ್ಲ ಬೇರೆ ಏನಾರ ನೋಡಿದ್ಯಾ?"

ಕೇಳಿದ್ದಕ್ಕೆ ಹೇಳಿದೆ. ಮಂಗಳವಾರದ್ದನ್ನೂ ಶುಕ್ರವಾರದ್ದನ್ನೂ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಅವರಿಗಲ್ಲದೆ ಇನ್ನಾರಿಗೆ ಹೇಳಲಿ! ಭಾವ ಜಾಲರಿಗೆ ಮುಖ ಒತ್ತಿ ಕೇಳಿದರು.

"ನೋಡ್ದಾ ಮತ್ತೆ! ದೊರೆಗಳ ದೇಸ್ದಾಗೂ ಐತೆ. ಅಂಗಾದ್ರೆ ನಮ್ದೂ ಬತ್ತದೆ ಬಿಡು. ಆವಯ್ಯಂಗೆ ಅವತ್ತು ಕ್ವಾಪ ಇತ್ತಮ್ಮ. ಇರ್ಬೇಕಾದ್ದೇ, ಮನ್ಸ ಸತ್ತವ್ನೆ. ನಾನು ಒಂದ್ ಮಾತೂ ಆಡ್ಲಿಲ್ಲ. ಇಲ್ಲೂ ಯಾರ್ ತಾವೂ ಆಡಿಲ್ಲ."

"ಭಾವ, ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ. ಮೇಲಿನ ಕೋರ್ಟಿನವರು ನೋಡ್ತಾರೆ."

"ಅವ್ರು ಬ್ಯಾರೆಯವ್ರಲ್ವಾ? ಮೊದ್ಲೇ ಮಾತು ಆಡ್ದೋರೇ ಅಲ್ವಾ ಎಲ್ಡನೇದೂ ಆಡ್ಬೇಕು? ಈಗ ನಾನು ಒಬ್ರ ಮ್ಯಾಲೆ ಒಬ್ರತ್ರ ಓದ್ರೆ ಎದುರಾಡ್ದಂಗೆ. ಆಮ್ಯಾಕೆ ಮೊದ್ಲೇ ಮಾತೇ ಗಟ್ಟಿಯಾಯ್ತದೆ. ವಸಿ ತಾಳಮ್ಮ. ಕರೀತಾರೆ."

ಪಕ್ಕದ ಜಾಲರಿಗಳಲ್ಲಿ ಜನ ಕೂಗಿ ಕೂಗಿ ಮಾತಾಡುತ್ತಿದ್ದರು. ನಮ್ಮ ಕಾನೂನಿನಲ್ಲಿ, ತೀರ್ಪಿಗೆ ಸಹಿ ಬಿದ್ದ ಮೇಲೆ, ಬರೆದವರೇ ಅದನ್ನು ಬದಲಿಸುವಂತಿಲ್ಲ. ಬರವಣಿಗೆಯ ತಪ್ಪೊಂದನ್ನು ಬಿಟ್ಟರೆ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಆ ಕಲಮನ್ನು ಪ್ರತಿ ವರ್ಷ ಒಂದು ಗಂಟೆ ಪಾಠ ಮಾಡುತ್ತೇನೆ. ಮಕ್ಕಳು ಆಕಳಿಸುತ್ತ ಬರೆದುಕೊಳ್ಳುತ್ತಾರೆ. ಅದನ್ನೇ ಈಗ ಹೇಳಬೇಕು, ಆಸೆಯೊಂದನ್ನೇ ಹಿಡಿದು ನಿಂತಿರುವ ಮನುಷ್ಯನಿಗೆ. ಹೇಳದಿದ್ದರೆ ಗಡುವು ದಾಟುತ್ತದೆ.

"ಭಾವ, ಎರಡನೇ ಮಾತು ಇಲ್ಲ."

"ಆಂ?"

"ಇಲ್ಲಿ ಆ ಪದ್ಧತಿ ಇಲ್ಲ. ಆ ಜಡ್ಜು ನಿಮ್ಮನ್ನ ಇನ್ನು ಕರೆಯಲ್ಲ. ಅವರಿಗೇ ಮನಸ್ಸಾದರೂ ಕರೆಯೋ ಹಾಗಿಲ್ಲ. ಅವತ್ತು ಆಡಿದ್ದೇ ಮಾತು."

ಭಾವ ಜಾಲರಿಯಿಂದ ಮುಖ ತೆಗೆದರು. ಕಣ್ಣು ತುಂಬಲಿಲ್ಲ. ಹೆಗಲು ಮಾತ್ರ ಕೆಳಗಿಳಿಯಿತು, ಇಷ್ಟು ದಿನವೂ ಅಲ್ಲೇ ಕಟಕಟೆಯಲ್ಲಿ ನಿಂತಿದ್ದು ಈಗ ಇಳಿದ ಹಾಗೆ.

"ಅಂಗಾದ್ರೆ ನಾನು ಚಂಗಪ್ಪನ್ನ ಒತ್ಕೊಂಡ್ ಓಗಿದ್ದು ಯಾರಿಗೂ ಗೊತ್ತಾಗಲ್ವಾ?" ಎಂದರು.

ನಾನು ಕಾಗದವನ್ನು ಜಾಲರಿಯ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದೆ.

"ಪರ್ವಾಲೇದು. ಎಲ್ ಒತ್ಬೇಕು ತೋರ್ಸು."

ಜೈಲಿನವರು ಮಸಿಯ ಡಬ್ಬಿ ತಂದರು. ಭಾವ ಹೆಬ್ಬೆರಳನ್ನು ಅದ್ದಿ, ನಾಗರಾಜ ಹಾಕಿದ್ದ ಗುರುತಿನ ಮೇಲೆ ಒತ್ತಿ, ಆಮೇಲೆ ಅಂಗಿಗೆ ಒರೆಸಿಕೊಂಡರು. ಮುಂದೆ ಆ ಮೇಲ್ಮನವಿ ನಿಧಾನವಾಗಿ ನಡೆದು, ಏಳು ವರ್ಷ ಐದಾಯಿತು. ಭಾವ ಅಷ್ಟನ್ನೂ ಅನುಭವಿಸಿಯೇ ಬಂದರು.

ಮತ್ತೆ ಬಂಗಾರಪೇಟೆ

ಹೆಬ್ಬೆಟ್ಟು ಒತ್ತಿಸಿಕೊಂಡ ಅವತ್ತೇ ಸಂಜೆಯ ರೈಲಿಗೆ ಬಂಗಾರಪೇಟೆಗೆ ಬಂದೆ. ಅಕ್ಕ ಅದೇ ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಆದರೆ ಹತ್ತಿರ ಬರಲಿಲ್ಲ. ನಾನೇ ಹೋದೆ. ಸೊಂಟದಲ್ಲಿ ಸಣ್ಣ ಗಂಟೊಂದನ್ನು ಸಿಕ್ಕಿಸಿಕೊಂಡಿದ್ದಳು. ತೀರ್ಪಿನ ದಿನ ಕೋರ್ಟಿನ ಮೊಗಸಾಲೆಯಲ್ಲೂ ಅದನ್ನು ಹಿಡಿದೇ ನಿಂತಿದ್ದಳೆಂದು ನಾಗರಾಜ ಹೇಳಿದ್ದ. ಎಲೆ ಬಾಡಿದಾಗಲೆಲ್ಲ ಹೊಸದು ಇಟ್ಟುಕೊಳ್ಳುತ್ತಿದ್ದಳಂತೆ.

"ನೋಡ್ದಾ ಅವ್ರನ್ನ?"

"ನೋಡ್ದೆ ಅಕ್ಕ."

"ಉಂಡವ್ರಾ?"

"ಉಂಡಿದ್ದಾರೆ."

ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಗಣಿಯ ಕಡೆ ಹೋಗುವ ಡಬ್ಬಿಗಳನ್ನು ಕಳಚುತ್ತಿದ್ದರು. ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು ನಿಂತ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು.

"ಎಲ್ಡನೇ ಮಾತು ಆಯ್ತೇನೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಆಯ್ತಕ್ಕ."

"ಏನಂತ?"

"ಇಲ್ಲ ಅಂತ."

ಅಕ್ಕ ಸೊಂಟದ ಗಂಟನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದಳು, "ಯಾರ್ ಯೋಳಿದ್ದು?"

"ನಾನೇ ಅಕ್ಕ."

ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಕ್ಕ ಸೊಂಟದ ಗಂಟನ್ನು ತೆಗೆದಳು, ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಒಳಗಿದ್ದ ಎಲೆ ಅಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯ ಮೇಲೆ ಸೆರಗು ಎಳೆದುಕೊಂಡು, ನನ್ನ ಅಂಗೈಯಲ್ಲಿ ಇಟ್ಟಳು.